ಕರೆವ್ವನ ಕಾಗೆ

ನಮ್ಮ ಹಳ್ಳಿ ನಾಗನೂರಿನ ಹತ್ತಿರ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇನ್ನೂ ಹೊಲಮನೆ ಮಾಡಿಕೊಂಡಿರುವ ನಮ್ಮ ಕಾಕಾನ ಮಕ್ಕಳಿಗೆ ಸಿಟ್ಟು ಬರುತ್ತದೆ, ಅವರ ಸಿಟ್ಟನ್ನು ತಡೆದುಕೊಳ್ಳುವ ವಯಸ್ಸು ನನ್ನದಲ್ಲ. ಆದರೆ ಕರೆವ್ವನ ಹೆಸರನ್ನು ಬದಲಿಸಿಲ್ಲ. ಬದಲಿಸಿದರೆ ಅವಳ ವಿಷಯದಲ್ಲಿ ನಾನು ಇನ್ನೊಂದು ಸುಳ್ಳು ಹೇಳಿದ ಹಾಗಾಗುತ್ತದೆ. ಒಂದು ಹೇಳಿದ್ದೇ ಸಾಕು.

ಕರೆವ್ವ ಊರ ಹೊರಗಿನ ಕೇರಿಯವಳು. ನಾನು ಚಿಕ್ಕವಳಿದ್ದಾಗ ಅವಳಿಗೆ ಮೂವತ್ತೈದು ಇದ್ದಿರಬೇಕು. ಗಂಡ ಉದ್ದಪ್ಪ ಧುಪದಾಳದ ಕಡೆ ಕಾಲುವೆಯ ಹೂಳು ತೆಗೆಯಲು ಹೋದವನು ಜ್ವರ ಹಿಡಿದು ಅಲ್ಲೇ ತೀರಿಕೊಂಡಿದ್ದ. ಉಳಿದವಳು ಒಬ್ಬಳೇ ಮಗಳು, ಕಾಡವ್ವ, ನನ್ನ ವಾರಿಗೆಯವಳು. ಕರೆವ್ವ ಎತ್ತರದ ಹೆಂಗಸು. ಮುಂಗೈ ತುಂಬ ಹಚ್ಚೆ, ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಸಣ್ಣದು, ನಕ್ಕರೆ ಆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಹೊಲದಲ್ಲಿ ಕಳೆ ತೆಗೆಯುವುದು, ಕಣದ ಕೆಲಸ, ಕೊಟ್ಟಿಗೆಯ ಸಗಣಿ, ಯಾವುದಕ್ಕೂ ಇಲ್ಲ ಎಂದವಳಲ್ಲ. ಯುಗಾದಿ ಮುಗಿಯಿತೆಂದರೆ ಮಾತ್ರ ನಮ್ಮ ಮನೆಯಲ್ಲಿ ಅವಳ ಬೆಲೆ ಏಕಾಏಕಿ ಏರುತ್ತಿತ್ತು. ಅದು ಬಿತ್ತುವುದಕ್ಕೆ ಬೀಜದ ಶೇಂಗಾ ಒಡೆಯುವ ಕಾಲ.

ಬೀಜದ ಶೇಂಗಾವನ್ನು ಕೈಯಿಂದಲೇ ಒಡೆಯಬೇಕು. ಕಲ್ಲಿನಿಂದ ಜಜ್ಜಿದರೆ ಕಾಳು ಎರಡು ಹೋಳಾಗುತ್ತದೆ. ನೀರು ಚಿಮುಕಿಸಿದರೆ ಸಿಪ್ಪೆ ಸಡಿಲವಾಗುತ್ತದೆ ಖರೆ, ಬೀಜ ಕೆಡುತ್ತದೆ. ಹಾಗಾಗಿ ಒಣ ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೇರಿಯ ಹೆಂಗಸರ ಬೆರಳ ತುದಿ ಒಡೆದು ರಕ್ತ ಬರುತ್ತಿತ್ತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಶೆಟ್ಟೆವ್ವ, ಬೆರಳುಗಳ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣೆಲ್ಲ ಬಾಯಿಗಳ ಮೇಲೆ. ಯಾರ ದವಡೆ ಅಲುಗುತ್ತಿದೆ, ಯಾರ ಕೆನ್ನೆ ಉಬ್ಬಿದೆ ಎಂದು ಕಾಯುತ್ತ ಕೂಡುತ್ತಿದ್ದಳು. ಎಂಟು ಹೆಂಗಸರ ಎಂಟು ಬಾಯಿ ಕಾಯುವುದು ಮುದುಕಿಗೆ ಕಷ್ಟವೇ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಕರೆವ್ವನ ಕಥೆ.

“ಕಥಿ ಹೇಳಾಕಿಗಿ ತಿನ್ನಾಕ ಬರಂಗಿಲ್ಲ, ಕೇಳಾವ್ರಿಗಿ ತಿನ್ನೂದ ನೆನಪಾಗಂಗಿಲ್ಲ. ಬೀಜ ಸುದ್ದ ಹೊಲಕ್ಕ ಮುಟ್ಟತೈತಿ” ಎಂದು ಕರೆವ್ವನ ಎದುರಿಗೇ ಅವ್ವನಿಗೆ ಹೇಳುತ್ತಿದ್ದಳು. ಕರೆವ್ವ ಎಡಗಣ್ಣು ಮುಚ್ಚಿ ನಗುತ್ತಿದ್ದಳು. ಆ ನಗುವಿನಲ್ಲಿ ಏನಿತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ಕಥೆಗೆ ಹೊತ್ತು ಗೊತ್ತಿತ್ತು. ಹಗಲೆಲ್ಲ ಹಾಡು, ಸಂಜೆ ದೀಪ ಹಚ್ಚಿದ ಮೇಲೆ ಕಥೆ. ಹಗಲು ಕಥೆ ಹೇಳಿದರೆ ಆ ಮನೆಯ ಮಕ್ಕಳ ಸೋದರಮಾವ ಹಾದಿ ತಪ್ಪುತ್ತಾನೆ ಎಂದು ನಮ್ಮ ಮನೆಯಲ್ಲಿ ಗಟ್ಟಿಯಾಗಿ ನಂಬುತ್ತಿದ್ದರು. ಕೂಡುವುದಕ್ಕೂ ಜಾಗ ಗೊತ್ತಿತ್ತು. ನಾವು ಮಕ್ಕಳು ಕಟ್ಟೆಯ ಮೇಲೆ, ಕೇರಿಯವರು ಮೆಟ್ಟಿಲ ಕೆಳಗೆ ಅಂಗಳದಲ್ಲಿ. ಅವರಿಗೆ ನೀರು ಕೊಡುವ ತಂಬಿಗೆ ಬೇರೆ, ಅದನ್ನೂ ಮೇಲಿನಿಂದ ಹೊಯ್ಯುವುದು. ಕಥೆ ಮಾತ್ರ ಮೆಟ್ಟಿಲು ಹತ್ತಿ ಕಟ್ಟೆಗೆ ಬಂದು ನಮ್ಮ ನಡುವೆ ಕೂಡುತ್ತಿತ್ತು, ಅದನ್ನು ಯಾರೂ ತಡೆಯಲಿಲ್ಲ.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ನನಗೆ ಒಂಬತ್ತು ವರ್ಷ. ಆ ಸಲ ಕರೆವ್ವ ಹಿಂದೆಂದೂ ಹೇಳದ ಒಂದು ಕಥೆ ಎತ್ತಿಕೊಂಡಳು.

“ಒಂದೂರಾಗ ಒಬ್ಬಾಕಿ ಬಸರಿ. ಒಂಬತ್ತ ತಿಂಗಳ ತುಂಬಿ ಹಡದ್ಲು. ಏನ ಹಡದ್ಲು? ಕಾಗಿ ಹಡದ್ಲು.”

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳು ನಗಲಿಲ್ಲ. ನಮ್ಮ ನಗು ನಿಲ್ಲುವ ತನಕ ಎರಡು ಹಿಡಿ ಕಾಯಿ ಒಡೆದಳು. ಆಮೇಲೆ ಮುಂದುವರಿಸಿದಳು. ಮನೆಯವರು ಕಾಗೆಯನ್ನು ತಿಪ್ಪೆಗೆ ಒಗೆಯಿರಿ ಎಂದರು. ತಾಯಿ ಒಗೆಯಲಿಲ್ಲ. ಸಾವಿರ ಕಾಗೆಗಳ ನಡುವೆ ತನ್ನ ಮಗಳು ಗುರುತು ಸಿಗಲಿ ಎಂದು ಅದರ ಕಾಲಿಗೆ ಕೆಂಪು ದಾರ ಕಟ್ಟಿ ಸೂರಿನ ಕೆಳಗೆ ಜಾಗ ಮಾಡಿದಳು. ಕಾಗೆಗೆ ಮಾತು ಬರುತ್ತಿತ್ತು. ಅದರ ಜೊತೆ ಮಾತಾಡುತ್ತಿದ್ದವನು ಅಣ್ಣ ಒಬ್ಬನೇ. ಬರ ಬಿದ್ದ ವರ್ಷ ಕಾಗೆ ಏಳು ಊರು ದಾಟಿ ಹಾರಿಹೋಗಿ ಒಂದೊಂದೇ ಜೋಳದ ಕಾಳು ಕಚ್ಚಿಕೊಂಡು ಬಂದು ಅಣ್ಣನ ಅಂಗೈಯಲ್ಲಿ ಹಾಕಿತು. ಆ ಕಾಳಿನಿಂದ ಮನೆಗೆ ಮನೆಯೇ ಬದುಕಿತು. ಆದರೂ ಕಾಗೆ ಹೊಸ್ತಿಲ ಒಳಗೆ ಬರುವಂತಿರಲಿಲ್ಲ. ಅದರ ಆಸೆ ಒಂದೇ, ಒಂದು ದಿನ ಎಲ್ಲರ ಸಾಲಿನಲ್ಲಿ ಕೂತು ಎಲೆ ಹಾಕಿಸಿಕೊಂಡು ಉಣ್ಣಬೇಕು. ಅಣ್ಣ ಮಾತು ಕೊಟ್ಟ: “ನನ್ನ ಲಗ್ನದಾಗ ನನ್ನ ಬಾಜೂಕ ನಿನಗೊಂದು ಎಲಿ ಹಾಕಸ್ತೇನಿ.”

ಅವತ್ತು ನಾನು ಅತ್ತೆ. ನಾಟಕದ ಅಳುವಲ್ಲ. ಅಳುತ್ತಿದ್ದಾಗಲೇ ನನ್ನ ತಲೆಗೆ ಸಾಲಿ, ಅಂದರೆ ಶಾಲೆ, ಬಂತು.

ನಮ್ಮೂರ ಸಾಲಿಯಲ್ಲಿ ಕಾಡವ್ವ ಬಾಗಿಲ ಹೊರಗೆ ಪಡಸಾಲೆಯಲ್ಲಿ ಕೂಡುತ್ತಿದ್ದಳು. ಕಾಯಿದೆ ಏನೇ ಹೇಳಲಿ, ಊರು ಹೇಳಿದ್ದು ಅದು. ಶಿದ್ರಾಮ ಮಾಸ್ತರರು ಒಳ್ಳೆಯವರು, ಬಾಗಿಲ ತನಕ ಬಂದು ಅವಳಿಗೆ ಕೇಳಿಸುವಂತೆ ಗಟ್ಟಿಯಾಗಿ ಓದುತ್ತಿದ್ದರು. ಹಲಗೆಯ ಮೇಲೆ ಬರೆದದ್ದು ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ. ಸಾಲಿಯ ಪಂಚರಲ್ಲಿ ಹಿರಿಯ ನಮ್ಮಪ್ಪ ಸೋಮಪ್ಪ. ಬಿಳಿ ಟೋಪಿ ಹಾಕಿಕೊಂಡು ದಿನಾ ಬೆಳಿಗ್ಗೆ ವಚನ ಓದುವವನು. ಅವತ್ತು ಸಂಜೆ ಅವನೂ ಗೋಕಾಕದಿಂದ ಬಂದಿದ್ದ ಇಬ್ಬರು ಟೋಪಿಯವರ ಜೊತೆ ಕಟ್ಟೆಯ ತುದಿಯಲ್ಲಿ ಕೂತು ಕಥೆ ಕೇಳುತ್ತಿದ್ದ.

ನಾನು ಮೂಗು ಒರೆಸಿಕೊಂಡು ಕೇಳಿದೆ: “ಅಪ್ಪಾ, ಸಾಲ್ಯಾಗ ಕಾಡವ್ವನ್ನ ಯಾಕ ಹೊರಗ ಕುಂಡರಸ್ತಾರ? ಅಕಿನೂ ಕಾಗೀನ?”

ಹೆಂಗಸರ ಕೈಗಳೆಲ್ಲ ನಿಂತವು. ಕರೆವ್ವನದು ಮಾತ್ರ ನಿಲ್ಲಲಿಲ್ಲ, ತಲೆ ತಗ್ಗಿಸಿ ಒಡೆಯುತ್ತಲೇ ಇದ್ದಳು. ಗೋಕಾಕದವರು ಅಪ್ಪನ ಮುಖ ನೋಡಿದರು. ಅಪ್ಪ ಕೆಮ್ಮಿದ, ಟೋಪಿ ಸರಿ ಮಾಡಿಕೊಂಡ.

“ಹುಡುಗಿ ಕೇಳೂದು ಬರೋಬ್ಬರಿ ಐತಿ. ನಾಳಿಂದ ಒಳಗ ಕುಂಡರ್ಲಿ. ಮಾಸ್ತರಗ ನಾ ಹೇಳತೇನಿ” ಎಂದ.

ಅಪ್ಪನಿಗೆ ಮನಸ್ಸು ಕರಗಿತೋ, ಗೋಕಾಕದವರ ಎದುರು ಮರ್ಯಾದೆಯ ಪ್ರಶ್ನೆಯಾಯಿತೋ, ನಾನು ಹೇಳಲಾರೆ. ಮರುದಿನ ಕಾಡವ್ವ ಒಳಗೆ ಬಂದಳು. ಯಾರೂ ಸರಿದು ಜಾಗ ಕೊಡಲಿಲ್ಲ, ನಾನು ಕೊಟ್ಟೆ. ಅವಳ ಕೈಯಲ್ಲಿದ್ದದ್ದು ಯಾರೋ ಬಿಸಾಕಿದ ಬರೆಯುವ ಪಾಟಿಯ ಅರ್ಧ ತುಂಡು. ನಾನು ಎಂಟು ದಿನದಲ್ಲಿ ಕಲಿತದ್ದನ್ನು ಅವಳು ಎರಡು ದಿನದಲ್ಲಿ ಕಲಿತಳು, ಹೊಟ್ಟೆಕಿಚ್ಚಾಯಿತು, ಆದರೂ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆ. ಊರಿಗೆ ಊರೇ ನನ್ನನ್ನು ನೋಡುತ್ತಿದೆ ಎನ್ನುವ ಹಾಗೆ ಓಡಾಡಿದೆ.

ಕಾಡವ್ವ ಒಳಗೆ ಕೂತ ಮೊದಲ ದಿನ ಸಂಜೆ ಬುಟ್ಟಿ ಎತ್ತಿಕೊಳ್ಳುವಾಗ ಕರೆವ್ವ ಕಟ್ಟೆಯ ಹತ್ತಿರ ನಿಂತಳು. “ಎವ್ವಾ, ಇಷ್ಟ ವರ್ಷ ಕಥಿ ಹೇಳೇನಿ ನಾ. ಎಲ್ಲಾರೂ ಕೇಳಿದ್ರು, ಎದ್ದ ಹೋದ್ರು. ಕಥೀ ಒಳಗ ನಾವೂ ಇರತೇವಿ ಅಂತ ತಿಳಕೊಂಡಾಕಿ ನೀ ಒಬ್ಬಾಕಿ” ಎಂದಳು. ಆಮೇಲೆ ತನ್ನ ಬೆರಳುಗಳನ್ನು ನನ್ನ ಮುಂದೆ ಹಿಡಿದು ಹೇಳಿದಳು: “ಅಕಿಗಿ ನಾಕ ಅಕ್ಷರ ಬಂದ್ರ ಈ ಬೆರಳ ಅಕೀವಾಗಂಗಿಲ್ಲ. ನನಗ ಅಷ್ಟ ಸಾಕು.”

ಕಾಡವ್ವ ಹನ್ನೆರಡು ದಿನ ಸಾಲಿಯ ಒಳಗೆ ಕೂತಳು. ಹನ್ನೆರಡೇ ದಿನ.

ಅದೇ ಹೊತ್ತಿಗೆ ನಮ್ಮ ಅಕ್ಕ ಲಕ್ಕವ್ವನಿಗೆ ಹುಕ್ಕೇರಿಯಿಂದ ಒಂದು ಗಂಡು ಗೊತ್ತಾಗಿತ್ತು. ಎಲ್ಲ ಮಾತು ಮುಗಿದು, ಗುರುವಾರ ಸಂಜೆ ಬೀಗರು ಬಂದು ವೀಳ್ಯ ಹಿಡಿದು ಪಕ್ಕಾ ಮಾಡುವುದಿತ್ತು. ನಮ್ಮಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಅವಳ ಸೋದರಮಾವನದು. ಅವನು ಎದುರಿಗೆ ಕೂತು ತನ್ನ ಕೈಯಿಂದ ಎಲೆ ಅಡಿಕೆ ಕೊಟ್ಟು ‘ನಂದೇನೂ ತಕರಾರಿಲ್ಲ’ ಎನ್ನಬೇಕು. ಅವನು ಬರಲಿಲ್ಲವೆಂದರೆ ಅವನಿಗೇ ಹುಡುಗಿ ಬೇಕಾಗಿದ್ದಾಳೆ ಎಂದು ಬೀಗರು ತಿಳಿದುಕೊಳ್ಳುತ್ತಾರೆ. ನಮ್ಮ ಮಾವ ಮುರಿಗೆಪ್ಪ ಯಮಕನಮರಡಿಯವನು. ಬುಧವಾರವೇ ಚಕ್ಕಡಿ ಹೂಡಿಕೊಂಡು ಹೊರಟು ಗುರುವಾರ ಬೆಳಿಗ್ಗೆ ಮನೆ ಮುಟ್ಟುತ್ತೇನೆಂದು ಹೇಳಿ ಕಳಿಸಿದ್ದ.

ಬುಧವಾರ ಸಂಜೆ ಕರೆವ್ವನ ಕಥೆಯಲ್ಲಿ ಅಣ್ಣನ ಲಗ್ನ ಬಂದಿತ್ತು. ಹಂದರ ಹಾಕಿದ್ದಾರೆ, ಎಲೆ ಹಾಕಿದ್ದಾರೆ. ಕಾಗೆ ಆಸೆಯಿಂದ ಬಂದು ಹಂದರದ ಗಳದ ಮೇಲೆ ಕೂತಿದೆ. ಅಣ್ಣನ ಬಾಜೂಕಿನ ಎಲೆಯಲ್ಲಿ ಬೀಗರು ಕೂತಿದ್ದಾರೆ, ಕಾಗೆಗೆ ಎಲೆಯಿಲ್ಲ. ಯಾರೋ ನೋಡಿದರು. ಕಾಗೆ, ಕಾಗೆ, ಅಪಶಕುನ ಎಂದು ಎಲ್ಲರೂ ಎದ್ದರು, ಕೈಗೆ ಕಲ್ಲು ತೆಗೆದುಕೊಂಡರು. ಹೆಣ್ಣಿನ ಅಪ್ಪ ಮದುಮಗನ ಕೈಯಲ್ಲೂ ಒಂದು ಕಲ್ಲು ಇಟ್ಟ. ಅಣ್ಣ ತಲೆಯೆತ್ತಿದ. ಕಾಗೆಯ ಕಾಲಲ್ಲಿ ಕೆಂಪು ದಾರ ಕಂಡಿತು.

“ಸಾಕ ಏಳ್ರಿ, ನಾಳೆ ಬೀಗರು ಬರವ್ರದಾರ” ಎಂದಳು ಆಯಿ. ಕಥೆ ಅಲ್ಲಿಗೆ ನಿಂತಿತು.

ಗುರುವಾರ ಬೆಳಿಗ್ಗೆ ಮಾವ ಬರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಚಕ್ಕಡಿ ಕಂಡ ಕೂಡಲೆ ಕೂಗಬೇಕೆಂದು ಹೇಳಿದ್ದರು. ಒಳಗೆ ಹೋಳಿಗೆಯ ವಾಸನೆ, ಎಲ್ಲರ ಮುಖದಲ್ಲೂ ಕಳವಳ. ಮಧ್ಯಾಹ್ನದವರೆಗೆ ಹಾದಿ ನೋಡಿ ನೋಡಿ ಸಾಕಾಯಿತು. ನನ್ನ ತಲೆಯೊಳಗೆ ಮಾವನಿಗಿಂತ ಕಾಗೆಯದೇ ಚಿಂತೆ. ಕಟ್ಟೆಯಿಂದ ಇಳಿದು ಹಿತ್ತಲಿಗೆ ಹೋದೆ. ಕರೆವ್ವ ಬಣವೆಯ ನೆರಳಲ್ಲಿ ಒಬ್ಬಳೇ ಕೂತು ಉಳಿದ ಕಾಯಿ ಒಡೆಯುತ್ತಿದ್ದಳು.

“ಕರೆವ್ವಾ, ಅಣ್ಣ ಕಲ್ಲ ಒಗದ್ನ?”

“ದೀಪ ಹಚ್ಚಲೆವ್ವಾ, ಹೇಳತೇನಿ.”

“ಒಂದ ಮಾತ ಹೇಳ. ಒಗದ್ನೋ ಇಲ್ಲೋ?”

“ಹಗಲ ಹೇಳಬಾರದು. ನಿಮ್ಮ ಮಾವಾರ ಬ್ಯಾರೆ ಹಾದ್ಯಾಗ ಅದಾರ. ಏನರ ಆದ್ರ ನಿಮ್ಮಾಯಿ ನನ್ನ ಚರ್ಮಾ ಸುಲೀತಾಳ.”

ನಾನು ನೆಲದ ಮೇಲೆ ಕೂತು ಅಳತೊಡಗಿದೆ. ನಿನ್ನೆಯಿಂದ ನಿದ್ದೆ ಬಂದಿಲ್ಲ, ಕಾಗೆಗೆ ಏನಾಯಿತೆಂದು ಹೇಳದಿದ್ದರೆ ಊಟ ಮಾಡುವುದಿಲ್ಲ ಎಂದೆ. ಅವಳು ಒಮ್ಮೆ ಹಿತ್ತಲ ಬಾಗಿಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಅವಳ ಮುಖ ಬದಲಾಯಿತು.

“ನನ್ನ ಕಾಗಿ ಸಲವಾಗಿ ಯಾರೂ ಅತ್ತಿದ್ದಿಲ್ಲವ್ವಾ” ಎಂದು ದನಿ ಇಳಿಸಿ ಶುರು ಮಾಡಿದಳು. “ಅಣ್ಣ ಕೆಂಪ ದಾರ ನೋಡಿದ. ಕೈಯಾನ ಕಲ್ಲ ನೋಡಿದ. ಸುತ್ತ ಮಂದಿ ನೋಡಾಕತ್ತಾರ. ಕಾಗಿ ಹಾರಲಿಲ್ಲ. ನಮ್ಮಣ್ಣ ಅದಾನಲ್ಲ, ನಾ ಯಾಕ ಹಾರಲಿ ಅಂತ…”

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಆಯಿ. ಹಾದಿ ಕಾಯುವುದನ್ನು ಬಿಟ್ಟು ಬಂದಿದ್ದಕ್ಕೆ ನನ್ನ ಬೆನ್ನಿಗೊಂದು ಗುದ್ದಿ ಎಳೆದುಕೊಂಡು ಹೋದಳು. ಕಥೆಯ ಸುದ್ದಿಯನ್ನು ಅವಳು ಆಗ ಎತ್ತಲಿಲ್ಲ.

ಹುಕ್ಕೇರಿಯವರು ಬಂದರು, ದೀಪ ಹಚ್ಚುವ ತನಕ ಕಾದರು. ಮಾವ ಇಲ್ಲ. ಅವರಲ್ಲಿ ಹಿರಿಯನೊಬ್ಬ ಎದ್ದು ನಿಂತು, “ಮಾವನ ಮನಸಿನ್ಯಾಗ ಬ್ಯಾರೆ ಇದ್ರ ನಮ್ಮನ್ಯಾಕ ಕರಸಿದ್ರಿ?” ಎಂದ. ಮಾಡಿದ ಹೋಳಿಗೆ ಮಾಡಿದಲ್ಲೇ ಉಳಿಯಿತು. ಅಕ್ಕ ಒಳಕೋಣೆಯಲ್ಲಿ ಹೊಸ ಸೀರೆಯಲ್ಲೇ ಕೂತು ಅಳುತ್ತಿದ್ದಳು.

ಮಾವ ಬಂದದ್ದು ಶನಿವಾರ. ಧುಪದಾಳದ ಹತ್ತಿರ ಹೊಳೆ ದಾಟಿದ ಮೇಲೆ ಹಾದಿ ತಪ್ಪಿತು, ಎತ್ತಿನ ಕಾಲು ಉಳುಕಿತು, ಯಾವುದೋ ಊರಲ್ಲಿ ಎರಡು ದಿನ ಉಳಿಯಬೇಕಾಯಿತು ಎಂದ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ನಮಗೆ ಮಕ್ಕಳಿಗೆಲ್ಲ ಒಂದು ಪೊಟ್ಟಣ ಕರದಂಟು ತಂದಿದ್ದ. ಗೋಕಾಕದ ಕರದಂಟು. ಧುಪದಾಳದಲ್ಲಿ ಹೊಳೆ ದಾಟಿ ನಮ್ಮೂರಿಗೆ ಬರುವವನ ಹಾದಿಯಲ್ಲಿ ಗೋಕಾಕ ಪೇಟೆ ಬರುವುದೇ ಇಲ್ಲ, ಅದು ಬೇರೆಯೇ ದಿಕ್ಕು. ಆ ವಾರ ಗೋಕಾಕಕ್ಕೆ ನಾಟಕ ಕಂಪನಿ ಬಂದದ್ದು ಊರಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಎಂಟು ಮಂದಿ ದೊಡ್ಡವರಿದ್ದರು. ಎಲ್ಲರೂ ಒಂದೊಂದು ತುಂಡು ಕರದಂಟು ಬಾಯಲ್ಲಿಟ್ಟುಕೊಂಡು ಹಾದಿ ತಪ್ಪಿದ ಮಾತು ಕೇಳಿದರು. ಯಾರೂ ಏನೂ ಕೇಳಲಿಲ್ಲ. ಬೀಗರ ಎದುರು ಹೋದ ಮಾನಕ್ಕೆ ಮಾವನನ್ನು ಹಿಡಿದು ಜಗ್ಗಿದರೆ ಅವ್ವನ ತವರಿನ ಮಾನವೂ ಹೋಗುತ್ತಿತ್ತು. ಬೇರೆ ಯಾರಾದರೂ ಬೇಕಾಗಿತ್ತು.

ಆಯಿಗೆ ನೆನಪಾಯಿತು. “ಹಾದಿ ತಪ್ಪಿತಾ? ಗುರುವಾರ ಮಧ್ಯಾನ್ನ ಹಿತ್ತಲದಾಗ ಆ ಕರೆವ್ವ ನಮ್ಮ ಅಕ್ಕವ್ವಗ ಕಥಿ ಹೇಳಾಕತ್ತಿದ್ಲು. ನಾ ಕಣ್ಣಾರೆ ನೋಡೇನಿ” ಎಂದಳು. ಅಕ್ಕವ್ವ ಎಂದರೆ ನಾನು.

ಕಥೆ ಹೇಳಿದ್ದು ಮಧ್ಯಾಹ್ನ, ಮಾವ ಬರಬೇಕಾಗಿದ್ದದ್ದು ಅದೇ ದಿನ ಬೆಳಿಗ್ಗೆ. ಇಷ್ಟು ಸಣ್ಣ ಲೆಕ್ಕ ಒಂಬತ್ತು ವರ್ಷದ ನನಗೆ ಹೊಳೆಯಿತು, ವಚನ ಓದುವ ನಮ್ಮಪ್ಪನಿಗೆ ಹೊಳೆಯಲಿಲ್ಲ. ಮಾವ ಕರದಂಟಿನ ಪೊಟ್ಟಣ ಮಡಚುತ್ತ, “ಅದಕ್ಕ ಇರಬೇಕ ನೋಡ್ರಿ, ಗೊತ್ತಿದ್ದ ಹಾದೀನ ಗೊತ್ತಾಗಲಿಲ್ಲ ನನಗ” ಎಂದ.

ಕರೆವ್ವನನ್ನು ಕರೆಸಿದರು. ಅವಳು ಅಂಗಳದಲ್ಲಿ ನಿಂತಳು. ನಾನು ಕಟ್ಟೆಯ ಕಂಬ ಹಿಡಿದು ನಿಂತಿದ್ದೆ. ಅಪ್ಪ ಸಿಟ್ಟಿನ ಮನುಷ್ಯನಲ್ಲ. ಮೆಲ್ಲಗೇ ಕೇಳಿದ.

“ಅಕ್ಕವ್ವಾ, ನೀ ಕಾಡಿ ಕೇಳಿದ್ಯೋ, ಅಕೀನ ಕರದು ಹೇಳಿದ್ಲೋ?”

ಕರೆವ್ವ ನನ್ನ ಕಡೆ ನೋಡಿದಳು. ಅವಳ ನೋಟದಲ್ಲಿ ಹೆದರಿಕೆ ಇರಲಿಲ್ಲ. ಅದನ್ನೇ ನಾನು ಇವತ್ತಿಗೂ ಮರೆಯಲಾರೆ. ನಾನು ಖರೆ ಹೇಳುತ್ತೇನೆಂದು ಅವಳು ನಂಬಿದ್ದಳು. ಹೇಳಿದ್ದರೆ ನನಗೆ ಆಯಿಯ ಕೈಯಿಂದ ಇನ್ನೆರಡು ಗುದ್ದು ಬೀಳುತ್ತಿದ್ದವು, ಅಷ್ಟೇ. ಆದರೆ ಎಲ್ಲರೂ ನೋಡುತ್ತಿದ್ದರು. ಅಕ್ಕ ಅತ್ತು ಅತ್ತು ಕೆಂಪಾದ ಕಣ್ಣಿನಿಂದ ನೋಡುತ್ತಿದ್ದಳು. ಅಕ್ಕನ ಲಗ್ನ ಮುರಿದವಳು ನಾನು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎನಿಸಿತು.

“ಅಕೀನ ಕರದ್ಲು. ನಾ ಒಲ್ಲೆ ಅಂದ್ರೂ ಹೇಳಿದ್ಲು” ಎಂದೆ.

ಕರೆವ್ವ ತಕರಾರು ಮಾಡಲಿಲ್ಲ. ಸುಳ್ಳು ಎನ್ನಲಿಲ್ಲ, ದೇವರಾಣೆ ಇಡಲಿಲ್ಲ. ಮುಚ್ಚುತ್ತಿದ್ದ ಆ ಎಡಗಣ್ಣನ್ನು ಪೂರ್ತಿ ತೆರೆದು ಒಂದು ಗಳಿಗೆ ನೋಡಿ ತಲೆ ತಗ್ಗಿಸಿದಳು.

ಮುಂದಿನದನ್ನು ಆಯಿ ಹೇಳಿದಳು. “ಮಗಳನ್ನ ಸಾಲ್ಯಾಗ ಒಳಗ ಕುಂಡರಿಸಿದ್ವಿ, ಅದಕ್ಕ ಇವ್ರು ತಲಿಮ್ಯಾಲ ಏರಿ ಕುಂತ್ರು. ಯಾರ ಎಲ್ಲಿರಬೇಕ ಅಲ್ಲೇ ಇರಬೇಕು.” ಅಪ್ಪ ಟೋಪಿ ಸರಿ ಮಾಡಿಕೊಂಡು, “ಮಾಸ್ತರಗ ಹೇಳತೇನಿ” ಎಂದ. ಹದಿನೈದು ದಿನದ ಹಿಂದೆ ಇದೇ ಕಟ್ಟೆಯ ಮೇಲೆ ಇದೇ ಮಾತು ಆಡಿದ್ದ.

“ಆತ್ರಿ” ಎಂದಳು ಕರೆವ್ವ. ಅವಳು ಬಾಯಿ ತೆರೆದದ್ದು ಅದೊಂದಕ್ಕೇ. ಸೆರಗಿನ ಮಡಿಕೆಯಲ್ಲಿ ಎರಡು ಶೇಂಗಾ ಕಾಳು ಸಿಕ್ಕಿಕೊಂಡಿದ್ದವು. ಅವನ್ನು ತೆಗೆದು ಕಟ್ಟೆಯ ಅಂಚಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟು ಹೋದಳು.

ಸೋಮವಾರ ಸಾಲಿಯಲ್ಲಿ ಮಾಸ್ತರರು ಏನೂ ಹೇಳದೆ ಬಾಗಿಲ ಕಡೆ ಕೈ ಮಾಡಿದರು. ಕಾಡವ್ವ ಅರ್ಧ ಪಾಟಿ ಎತ್ತಿಕೊಂಡು ಹೊರಗೆ ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತಳು. ನನ್ನ ಬಾಜೂಕಿಗೆ ಜಾಗ ಖಾಲಿ ಉಳಿಯಿತು. ಅದು ಕಣ್ಣಿಗೆ ಬೀಳಬಾರದೆಂದು ನಾನು ಅಲ್ಲಿ ನನ್ನ ಚೀಲ ಇಟ್ಟೆ. ಸೂಟಿ ಮುಗಿದು ಮಳೆಗಾಲದಲ್ಲಿ ಸಾಲಿ ಶುರುವಾದಾಗ ಪಡಸಾಲೆಗೆ ಇರಚಲು ಹೊಡೆಯುತ್ತಿತ್ತು. ತಲೆ ಮೇಲೆ ಗೋಣಿ ತಟ್ಟು ಹಾಕಿಕೊಂಡು ಕಾಡವ್ವ ಒಂದು ತಿಂಗಳು ಬಂದಳು, ಆಮೇಲೆ ಬರಲಿಲ್ಲ. ಒಳಗೆ ನಾವು ಒತ್ತಕ್ಷರ ಕಲಿಯುತ್ತಿದ್ದೆವು.

ಮುಂದಿನ ವರ್ಷ ಅಕ್ಕನ ಲಗ್ನ ಹುಕ್ಕೇರಿಗೇ ಆಯಿತು, ಮೊದಲಿನದಕ್ಕಿಂತ ದೊಡ್ಡ ಮನೆಗೆ. ವೀಳ್ಯ ಕೊಟ್ಟ ದಿನ ಮುರಿಗೆಪ್ಪ ಮಾವ ಉಂಡು ಎಲೆ ಅಡಿಕೆ ಹಾಕಿಕೊಂಡು ಕೂತು, ಹಿಂದಿನ ವರ್ಷ ಗೋಕಾಕದಲ್ಲಿ ಎರಡು ರಾತ್ರಿ ನಾಟಕ ನೋಡಿದ್ದನ್ನು ತಾನೇ ಹೇಳಿಕೊಂಡ. ನಾಯಕಿಯ ಪಾತ್ರ ಮಾಡಿದ ಗಂಡಸಿನ ನಡಿಗೆಯನ್ನು 'ಹಿಂಗ' ಎಂದು ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಕ್ಕ, ಆಯಿ ಕಣ್ಣೀರು ಬರುವಷ್ಟು ನಕ್ಕಳು. ಹಾಗಾದರೆ ಕರೆವ್ವ ಏನು ತಪ್ಪು ಮಾಡಿದಳು ಎಂದು ಕೇಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ನಾನಿದ್ದೆ. ನಾನೂ ಕೇಳಲಿಲ್ಲ.

ಕಥೆ ಕೇಳಿ ಬೆಳೆದ ಮಕ್ಕಳ ಮನಸ್ಸು ಮೆತ್ತಗಾಗುತ್ತದೆ ಎಂದು ಸಾಲಿಯ ಸಮಾರಂಭಗಳಲ್ಲಿ ಭಾಷಣ ಮಾಡುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಸುಳ್ಳಲ್ಲ, ನನ್ನ ಮನಸ್ಸು ಮೆತ್ತಗೇ ಇತ್ತು, ಕಾಗೆಗಾಗಿ ಊಟ ಬಿಟ್ಟವಳು ನಾನು. ಆ ಮೆತ್ತಗಿನ ಮನಸ್ಸು ಇಟ್ಟುಕೊಂಡೇ ಕಾಡವ್ವನನ್ನು ಹೊರಗೆ ಹಾಕಿಸಿದೆ. ಕಾಗೆಗಾಗಿ ಅಳುವುದಕ್ಕೆ ಧೈರ್ಯ ಬೇಕಾಗಿರಲಿಲ್ಲ.

ನನ್ನನ್ನು ಮೂಡಲಗಿಗೆ ಕೊಟ್ಟರು. ಮಗಳು ಸಾವಂತ್ರೆವ್ವ ಹುಟ್ಟಿದಳು. ಅವಳಿಗೆ ಏಳೆಂಟು ವರ್ಷವಾದಾಗ ಒಂದು ಸಂಜೆ, ಹೇಳಬಾರದೆಂದುಕೊಂಡರೂ, ಕಾಗೆ ಕಥೆ ನನ್ನ ಬಾಯಿಂದ ಬಂದುಬಿಟ್ಟಿತು. ಕಲ್ಲು ಕೈಗೆ ಬಂದಲ್ಲಿಗೆ ನಿಂತೆ. ಮುಂದೆ ನನಗೂ ಗೊತ್ತಿಲ್ಲ ಎಂದರೆ ಮಗಳು ನಂಬಲಿಲ್ಲ. ದಿನಾ ಸಂಜೆ ಅದೇ ಪ್ರಶ್ನೆ. ಅಣ್ಣ ಕಲ್ಲು ಒಗೆಯಲಿಲ್ಲ, ಎದ್ದು ಬಂದು ತಂಗಿಯನ್ನು ಎತ್ತಿಕೊಂಡ ಎಂದು ಹೇಳಿಬಿಡಬಹುದಿತ್ತು. ಎರಡು ಸಲ ಬಾಯಿ ತೆರೆದೆ, ಆಗಲಿಲ್ಲ.

ಆ ವರ್ಷವೇ ಗೊತ್ತಾಯಿತು, ಕರೆವ್ವ ಮತ್ತು ಕಾಡವ್ವ ಮೂಡಲಗಿಯ ಒಂದು ಶೇಂಗಾ ವಖಾರಿಯಲ್ಲಿ ದುಡಿಯುತ್ತಿದ್ದಾರೆಂದು. ಹದಿನೈದು ವರ್ಷವಾಗಿತ್ತು ನೋಡಿ. ತಪ್ಪಾಯಿತು ಎಂದು ಹೇಳಲೇಬೇಕೆಂದು ನಿರ್ಧರಿಸಿ ಮಗಳ ಕೈ ಹಿಡಿದುಕೊಂಡು ಹೋದೆ. ದೊಡ್ಡ ತಗಡಿನ ಸೂರಿನ ಕೆಳಗೆ ಮೂವತ್ತು ನಲವತ್ತು ಹೆಂಗಸರು ಕಾಳು ಆರಿಸುತ್ತ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಕರೆವ್ವನನ್ನು ಕೂಡಲೆ ಗುರುತು ಹಿಡಿದೆ. ಬಾಜೂಕಿಗೆ ಕಾಡವ್ವ. ಅವಳು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಿದ್ದಳು. ಅವಳ ಹೆಬ್ಬೆರಳಿನ ತುದಿ ಒಡೆದು ಕಪ್ಪಾಗಿತ್ತು.

“ಯಾರು, ಅಕ್ಕವ್ವಾರ? ಆರಾಮ ಅದೀರೇನ್ರಿ?” ಎಂದಳು ಕರೆವ್ವ. ಚಿಕ್ಕಂದಿನಲ್ಲಿ ನನ್ನನ್ನು ನೀ ಎನ್ನುತ್ತಿದ್ದವಳು. “ನಿಮ್ಮ ಮಗಳೇನ್ರಿ? ಚಂದ ಅದಾಳ.”

“ಹೂಂ. ಕಾಡವ್ವಗ ಮಕ್ಕಳು?”

“ಒಂದ ಹೆಣ್ಣೈತ್ರಿ. ಈ ವರ್ಷ ಸಾಲಿಗಿ ಹಾಕೇವಿ. ಒಳಗ ಕುಂಡರತಾಳ್ರಿ.” ಕೈಯಲ್ಲಿದ್ದ ಹೊಟ್ಟು ಊದಿ, “ಯಾರನ್ನೂ ಕೇಳಾಕ ಹೋಗಿಲ್ಲ ನಾವು” ಎಂದಳು.

ಸುತ್ತ ಮೂವತ್ತು ನಲವತ್ತು ಜನ ನೋಡುತ್ತಿದ್ದರು. ಕೆಲಸ ನೋಡಿಕೊಳ್ಳುವ ಮುಕಾದಮ ಬಾಗಿಲಲ್ಲಿ ನಿಂತಿದ್ದ, ಅವನಿಗೆ ನನ್ನ ಗಂಡನ ಪರಿಚಯ. ಅಷ್ಟಕ್ಕೇ ನನ್ನ ಬಾಯಿ ಮತ್ತೆ ಕಟ್ಟಿತು. ತಪ್ಪಾಯಿತು ಎನ್ನಲು ಹೋದವಳು, ನಾಚಿಕೆಯಿಲ್ಲದೆ, ಕಥೆ ಕೇಳಿದೆ.

“ಕರೆವ್ವಾ, ಆ ಕಾಗಿ ಕಥಿ ಅರ್ಧಕ್ಕ ನಿಂತಿತ್ತಲ್ಲ. ಮಗಳು ದಿನಾ ಕೇಳತಾಳ. ಅಣ್ಣ ಕಲ್ಲ ಒಗದ್ನ?”

ಕಾಡವ್ವನ ಕೈ ನಿಂತಿತು. ಕರೆವ್ವ ನನ್ನ ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಎಡಗಣ್ಣು ಮುಚ್ಚಲೂ ಇಲ್ಲ.

“ನನ್ನ ಯಾಕ ಕೇಳತೀರಿ ಅಕ್ಕವ್ವಾರ? ಕಲ್ಲ ಇದ್ದದ್ದು ನಿಮ್ಮ ಕೈಯಾಗ. ನೀವ ಹೇಳ್ರಿ” ಎಂದಳು.

ಹೇಳಿ ಮೊರಕ್ಕೆ ಇನ್ನೊಂದು ಬುಟ್ಟಿ ಕಾಳು ಸುರುವಿಕೊಂಡಳು. ನಾನು ಎದ್ದು ಮಗಳನ್ನು ಕರೆದುಕೊಂಡು ಹೊರಗೆ ಬಂದೆ. ಪೇಟೆಯ ಅರ್ಧ ಹಾದಿಯಲ್ಲಿ ಮಗಳು ನನ್ನ ಸೆರಗು ಜಗ್ಗಿದಳು.

“ಎವ್ವಾ, ಅಣ್ಣ ಕಲ್ಲ ಒಗದ್ನ?”

“ಒಗದ” ಎಂದೆ.

“ತಂಗಿ ಅಂತ ಗೊತ್ತಿದ್ದೂ?”

“ಗೊತ್ತಿದ್ದೂ ಒಗದ.”

ಅವಳು ನಡುಬೀದಿಯಲ್ಲಿ ನಿಂತು ಅಳತೊಡಗಿದಳು. ಹೋಗಿಬರುವವರು ತಿರುಗಿ ನೋಡುತ್ತಿದ್ದರು. ನಾನು ಅವಳನ್ನು ಸಮಾಧಾನ ಮಾಡಲಿಲ್ಲ.